ಗದಗಿನ ಹುಡುಗ, ಢಾಕಾದ ಗುರು



ಸಂಜೀ ಹೊತ್ತು ನಿಮ್ಮ ಓಣಿಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಚೆಂಡು ಹಾರಿ ಬಂದು ಅಂಗಳದ ಕೊಡಕ್ಕೆ ಬಡಿಯುತ್ತದೆ. "ಏ, ಅತ್ತಾಗ ಹೋಗಿ ಆಡ್ರೋ! ಚೆಂಡು ಆಡಿ ಯಾರ ಉದ್ಧಾರ ಆಗ್ಯಾರ?" ಎಂದು ನೀವು ಬೈಯುತ್ತೀರಿ.

ಬೈಯುವುದು ತಪ್ಪಲ್ಲ. ಕೊಡ ಒಡೆದರೆ ಹೊಸದು ತರುವವರು ನೀವೇ. ಆದರೆ ನಿಮ್ಮ ಪ್ರಶ್ನೆಗೆ ಒಂದು ಉತ್ತರ ಇದೆ. ಚೆಂಡು ಆಡಿ ದೊಡ್ಡವರಾದ ಒಬ್ಬರು ನಮ್ಮ ಭಾಗದಲ್ಲೇ ಹುಟ್ಟಿದ್ದಾರೆ. ಅವರ ಹೆಸರು ಸುನೀಲ ಜೋಶಿ.

ಈ ಪಾಠ ಬರೀ ಆಟದ ಪಾಠವಲ್ಲ. ಆಟ ಆಡುವ ಮೈಗೆ ಬೇಗ ವಯಸ್ಸಾಗುತ್ತದೆ. ನಲವತ್ತರ ಹೊತ್ತಿಗೆ ಮೈದಾನ ಬಿಡಬೇಕಾಗುತ್ತದೆ. ಆಮೇಲೆ ಏನು? ಕಲಿತ ವಿದ್ಯೆ ಕಸದ ತಿಪ್ಪೆಗೆ ಹೋಗುತ್ತದೆಯೆ? ಸುನೀಲ ಜೋಶಿ ಏನು ಮಾಡಿದರು? ಓದೋಣ ಬರ್ರಿ.

1. ಊರು ಮತ್ತು ದಾರಿ

ಸುನೀಲ ಜೋಶಿ ಹುಟ್ಟಿದ್ದು ಗದಗಿನಲ್ಲಿ. ದಿನ 1970ರ ಜೂನ್ 6. ಆಗ ಗದಗ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ಅದು ಬೇರೆ ಜಿಲ್ಲೆ ಆಯಿತು. ಜಿಲ್ಲೆ ಬೇರೆ ಆದರೂ ದಾರಿ ಬೇರೆ ಆಗಲಿಲ್ಲ. ಇವತ್ತಿಗೂ ಗದಗದಿಂದ ಹುಬ್ಬಳ್ಳಿಗೆ ಹೋಗುವವರು ಅಣ್ಣಿಗೇರಿ ದಾಟಿಯೇ ಹೋಗುತ್ತಾರೆ.

ಹುಡುಗನಿಗೆ ಕ್ರಿಕೆಟ್ ಹುಚ್ಚು. ಅಭ್ಯಾಸ ಮಾಡುವ ಜಾಗ ಹುಬ್ಬಳ್ಳಿಯಲ್ಲಿ. ಸಾಲಿ ಗದಗಿನಲ್ಲಿ. ನಡುವೆ ಸುಮಾರು 60 ಕಿಲೋಮೀಟರ್. ಹುಡುಗ ನಸುಕಿನಲ್ಲಿ ಗದಗ ಬಿಟ್ಟು ಹುಬ್ಬಳ್ಳಿಗೆ ಬರುತ್ತಿದ್ದ. ಅಲ್ಲಿ ಚೆಂಡು ಎಸೆದು, ದಾಂಡು ಬೀಸಿ, ಮತ್ತೆ ಗದಗಕ್ಕೆ ಹೋಗಿ ಸಾಲಿಯಲ್ಲಿ ಕೂಡುತ್ತಿದ್ದ.

ನೀವೇ ಲೆಕ್ಕ ಹಾಕಿರಿ. ಹೋಗುವಾಗ 60, ಬರುವಾಗ 60. ಕೂಡಿಸಿದರೆ ದಿನಕ್ಕೆ 120 ಕಿಲೋಮೀಟರ್.

ಇಷ್ಟು ದೂರ ಒಂದು ದಿನ ಹೋಗುವುದು ದೊಡ್ಡ ಮಾತಲ್ಲ. ಜಾತ್ರೆಗೆ ನಾವೂ ಹೋಗುತ್ತೇವೆ. ದಿನಾಲೂ ಹೋಗುವುದು ದೊಡ್ಡ ಮಾತು. ಚಳಿ ಇರಲಿ, ಮಳಿ ಇರಲಿ, ಹೋಗಬೇಕು. ಕಲಿಸುವವರು ಎಲ್ಲಿದ್ದಾರೋ ಅಲ್ಲಿಗೇ ಕಲಿಯುವವರು ಹೋಗಬೇಕು. ಹೊಲದ ಕೆಲಸ, ಮನೀ ಕೆಲಸ ಮುಗಿಸಿ ರಾತ್ರಿ ಸ್ಲೇಟು ಹಿಡಿದು ಕಲಿಕಾ ಕೇಂದ್ರಕ್ಕೆ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2. ಎಡಗೈ ಮತ್ತು ತಿರುಗುವ ಚೆಂಡು

ಕ್ರಿಕೆಟ್‌ನಲ್ಲಿ ಒಬ್ಬರು ಚೆಂಡು ಎಸೆಯುತ್ತಾರೆ. ಇನ್ನೊಬ್ಬರು ದಾಂಡಿನಿಂದ ಹೊಡೆಯುತ್ತಾರೆ. ಹೊಡೆದು ಓಡಿದರೆ ರನ್ ಸಿಗುತ್ತದೆ. ಹೊಡೆಯುವವರನ್ನು ಔಟ್ ಮಾಡಿದರೆ ಎಸೆದವರಿಗೆ ವಿಕೆಟ್ ಸಿಗುತ್ತದೆ. ಒಬ್ಬರು ಸಾಲಾಗಿ ಆರು ಚೆಂಡು ಎಸೆದರೆ ಅದು ಒಂದು ಓವರ್. ಇಷ್ಟು ಗೊತ್ತಿದ್ದರೆ ಈ ಪಾಠಕ್ಕೆ ಸಾಕು.

ಚೆಂಡು ಎಸೆಯುವವರಲ್ಲಿ ಎರಡು ಬಗೆ. ಕೆಲವರು ದೂರದಿಂದ ಓಡಿ ಬಂದು ಜೋರಾಗಿ ಎಸೆಯುತ್ತಾರೆ. ಕೆಲವರು ನಿಧಾನ ಬಂದು ಬೆರಳಿನಿಂದ ಚೆಂಡನ್ನು ತಿರುವಿ ಎಸೆಯುತ್ತಾರೆ. ಬುಗುರಿ ನೆನಪು ಮಾಡಿಕೊಳ್ಳಿರಿ. ತಿರುಗುವ ಚೆಂಡು ನೆಲಕ್ಕೆ ಬಿದ್ದ ಮೇಲೆ ನೆಟ್ಟಗೆ ಹೋಗುವುದಿಲ್ಲ. ಆಚೆ ಈಚೆ ಸರಿಯುತ್ತದೆ. ದಾಂಡು ಹಿಡಿದವ ಮೋಸ ಹೋಗುತ್ತಾನೆ. ಇದಕ್ಕೆ ಸ್ಪಿನ್ ಅನ್ನುತ್ತಾರೆ.

ಸುನೀಲ ಜೋಶಿ ಸ್ಪಿನ್ ಹಾಕುವವರು. ಅದೂ ಎಡಗೈಯಿಂದ. ದಾಂಡು ಬೀಸುವುದೂ ಎಡಗೈ ಆಟಗಾರರಂತೆಯೇ.

ನಮ್ಮ ಕಡೆ ಮಗು ಎಡಗೈಯಿಂದ ತಿಂದರೆ, ಬರೆದರೆ ಕೈಗೆ ಹೊಡೆಯುವ ರೂಢಿ ಇದೆ. "ಎಡಚ" ಎಂದು ಹಂಗಿಸುತ್ತೇವೆ. ಕ್ರಿಕೆಟ್‌ನಲ್ಲಿ ಎಡಗೈಯವರಿಗೆ ಬೆಲೆ ಹೆಚ್ಚು. ಅವರ ಚೆಂಡು ಬೇರೆ ಕಡೆಯಿಂದ ಬರುತ್ತದೆ, ಬೇರೆ ಕಡೆಗೆ ತಿರುಗುತ್ತದೆ. ಎಲ್ಲರಂತೆ ಇಲ್ಲದ್ದು ಎಲ್ಲ ಕೆಟ್ಟದ್ದಲ್ಲ. ಮಗುವಿನ ಎಡಗೈಗೆ ಹೊಡೆಯುವ ಮೊದಲು ಈ ಮಾತು ನೆನಪಿರಲಿ.

3. ಗೆದ್ದ ದಿನ, ಪೆಟ್ಟು ತಿಂದ ದಿನ

1992-93ರಲ್ಲಿ ಸುನೀಲ ಜೋಶಿ ಕರ್ನಾಟಕ ತಂಡಕ್ಕೆ ಆಡತೊಡಗಿದರು. ರಾಜ್ಯ ರಾಜ್ಯಗಳ ನಡುವೆ ನಡೆಯುವ ದೊಡ್ಡ ಪಂದ್ಯಾವಳಿಗೆ ರಣಜಿ ಟ್ರೋಫಿ ಎಂದು ಹೆಸರು. 1995-96ರ ರಣಜಿಯಲ್ಲಿ ಅವರು 500ಕ್ಕಿಂತ ಹೆಚ್ಚು ರನ್ ಹೊಡೆದರು. 50ಕ್ಕಿಂತ ಹೆಚ್ಚು ವಿಕೆಟ್ ಪಡೆದರು. ಒಂದೇ ವರ್ಷ ಎರಡೂ ಮಾಡುವವರು ಬಹಳ ಕಡಿಮೆ. ಆ ವರ್ಷ ಕರ್ನಾಟಕವೇ ರಣಜಿ ಗೆದ್ದಿತು.

ಮರುವರ್ಷವೇ ಭಾರತ ತಂಡದಿಂದ ಕರೆ ಬಂತು. ದೇಶ ಇಂಗ್ಲೆಂಡ್, ಊರು ಬರ್ಮಿಂಗ್‌ಹ್ಯಾಮ್. ಅವರ ಮೊದಲ ಟೆಸ್ಟ್ ಪಂದ್ಯ ಶುರುವಾದ ದಿನ 1996ರ ಜೂನ್ 6. ತಾರೀಖು ಎಲ್ಲೋ ಓದಿದಂತೆ ಅನಿಸಿತೆ? ಹೌದು, ಅದು ಅವರು ಹುಟ್ಟಿದ ದಿನ. ಅಂದು ಅವರಿಗೆ 26 ತುಂಬಿತು.

ಹುಟ್ಟಿದ ದಿನ ಸಿಕ್ಕ ದೊಡ್ಡ ಅವಕಾಶ ಅದು. ಆದರೆ ಅದೇ ಪಂದ್ಯದಲ್ಲಿ ಬೆರಳಿಗೆ ಪೆಟ್ಟು ಬಿತ್ತು. ಸ್ಪಿನ್ ಹಾಕುವವರಿಗೆ ಬೆರಳೇ ಬಂಡವಾಳ. ಕುಂಬಾರನಿಗೆ ಕೈ ಹೇಗೋ ಹಾಗೆ. ಎಷ್ಟೋ ವರ್ಷ ಕಾಯ್ದು ಬಂದ ಅವಕಾಶ ಕೈಯಿಂದ ಜಾರಿತು. ಜೋಶಿ ಊರಿಗೆ ಬಂದು ಸುಮ್ಮನೆ ಕೂಡಲಿಲ್ಲ. ಬೆರಳು ವಾಸಿಯಾದ ಮೇಲೆ ಮತ್ತೆ ಚೆಂಡು ಹಿಡಿದರು.

ಮೂರು ವರ್ಷದ ಮೇಲೆ ಒಂದು ದಿನ ಬಂತು. 1999ರ ಸೆಪ್ಟೆಂಬರ್ 26. ಆಫ್ರಿಕಾ ಖಂಡದ ಕೀನ್ಯಾ ದೇಶ, ನೈರೋಬಿ ಪಟ್ಟಣ. ಎದುರಿಗೆ ದಕ್ಷಿಣ ಆಫ್ರಿಕಾ ತಂಡ. ಅಂದು ಜೋಶಿ 10 ಓವರ್ ಹಾಕಿದರು. ಅಂದರೆ 60 ಚೆಂಡು. ಅಷ್ಟೂ ಚೆಂಡಿಗೆ ಎದುರಿನವರು ಗಳಿಸಿದ್ದು 6 ರನ್ ಮಾತ್ರ. ಕಳೆದುಕೊಂಡದ್ದು 5 ವಿಕೆಟ್. ಗದಗಿನ ಹುಡುಗನ ಬೆರಳಿನ ಜಾಣತನ ಅಂದು ಲೋಕಕ್ಕೆ ಕಂಡಿತು. ಭಾರತ ಗೆದ್ದಿತು.

ಮರುವರ್ಷ, ಅಂದರೆ 2000ದ ನವೆಂಬರ್‌ನಲ್ಲಿ, ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಪಂದ್ಯ ಆಡಿತು. ನಡೆದದ್ದು ಅವರ ರಾಜಧಾನಿ ಢಾಕಾದಲ್ಲಿ. ಎದುರಿಗೆ ನಮ್ಮ ಭಾರತ. ಆ ಪಂದ್ಯದಲ್ಲಿ ಜೋಶಿ 8 ವಿಕೆಟ್ ಪಡೆದರು. ದಾಂಡು ಹಿಡಿದು 92 ರನ್ನನ್ನೂ ಹೊಡೆದರು. ಭಾರತ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ ಎಂಬ ಗೌರವ ಅವರಿಗೇ ಬಂತು. ಢಾಕಾ ಎಂಬ ಈ ಊರಿನ ಹೆಸರು ನೆನಪಿಡಿರಿ. ಮುಂದೆ ಮತ್ತೆ ಬರುತ್ತದೆ.

2001ರ ನಂತರ ಭಾರತ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ವಯಸ್ಸು ಆಗ ಮೂವತ್ತು ದಾಟಿತ್ತು ಅಷ್ಟೇ. ಒಟ್ಟು 15 ಟೆಸ್ಟ್ ಆಡಿದ್ದರು. ಒಂದು ದಿನದ ಪಂದ್ಯ 69 ಆಡಿದ್ದರು, ಅವುಗಳಲ್ಲಿ ಪಡೆದ ವಿಕೆಟ್ ಕೂಡ 69.

"ದೇಶದ ತಂಡ ಬಿಟ್ಟ ಮೇಲೆ ರಾಜ್ಯದ ತಂಡಕ್ಕ ಆಡೂದೇನ?" ಎಂದು ಕೆಲವರು ಬಿಟ್ಟುಬಿಡುತ್ತಾರೆ. ಜೋಶಿ ಬಿಡಲಿಲ್ಲ. ಮುಂದೆಯೂ ಎಷ್ಟೋ ವರ್ಷ ಕರ್ನಾಟಕಕ್ಕೆ ಆಡಿದರು. ಇಂಥ ದೊಡ್ಡ ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ ಒಟ್ಟು 615. ತಂಡದಲ್ಲಿ ಚಿಕ್ಕ ಹುಡುಗರು ಬರುತ್ತಿದ್ದರು. ಅವರ ನಡುವೆ ಹಿರಿಯನಾಗಿ ಆಡುತ್ತ ಆಡುತ್ತ, ಹೇಳಿಕೊಡುವ ಕೆಲಸ ತಾನಾಗಿ ಬಂತು. 2012ರಲ್ಲಿ ಆಟಕ್ಕೆ ನಿವೃತ್ತಿ ಹೇಳಿದರು.

4. ಬಲ್ಲವರೆಲ್ಲ ಕಲಿಸಬಲ್ಲರೆ?

ಆಟ ನಿಂತಿತು. ಇನ್ನು ತರಬೇತಿ ಕೊಡುವ ಕೆಲಸ. ಇಲ್ಲೊಂದು ಉದ್ದ ಶಬ್ದ ಬರುತ್ತದೆ. ಬಿಡಿಸಿ ಓದಿರಿ:

ತ – ರ – ಬೇ – ತು – ದಾ – ರ. ತರಬೇತುದಾರ.

ತರಬೇತುದಾರ ಎಂದರೆ ಕಲಿಸುವವರು, ತಂಡವನ್ನು ತಯಾರು ಮಾಡುವವರು. ಅವರು ಮೈದಾನಕ್ಕೆ ಇಳಿಯುವುದಿಲ್ಲ. ಹೊರಗೆ ಕೂಡುತ್ತಾರೆ. ಗೆದ್ದರೆ ಹೆಸರು ಆಡಿದವರಿಗೆ. ಸೋತರೆ ಬೈಗುಳ ಬಹಳ ಸಲ ಕಲಿಸಿದವರಿಗೆ.

ಚೆನ್ನಾಗಿ ಆಡುವುದು ಒಂದು ವಿದ್ಯೆ. ಚೆನ್ನಾಗಿ ಕಲಿಸುವುದು ಇನ್ನೊಂದು ವಿದ್ಯೆ. ಇವೆರಡೂ ಒಂದೇ ಎಂದು ನಾವು ತಿಳಿಯುತ್ತೇವೆ. ಹೌದೋ ಅಲ್ಲವೋ, ನಮ್ಮ ಅಡಿಗಿ ಮನೆಯಲ್ಲೇ ನೋಡೋಣ. ಅವ್ವ ಮಗಳಿಗೆ ರೊಟ್ಟಿ ಕಲಿಸುತ್ತಿದ್ದಾಳೆ.

ಅವ್ವ: ನೋಡು, ಹಿಂಗ ಬಡೀಬೇಕು. ತಿಳೀತಿಲ್ಲೊ?

ಮಗಳು: ನಿನ್ನ ಕೈಯಾಗ ಚಂದ ಬರತೈತಿ ಯವ್ವಾ. ನನ್ನ ರೊಟ್ಟಿ ಅಂಚಿಗೆ ಸೀಳತೈತಿ.

ಅವ್ವ: ಸರಿ ಆಕಡೆ. ನಾನ ಬಡಿತೀನಿ.

ಅಜ್ಜಿ: ಏ, ನೀ ಬಡದರ ಆಕಿ ಎಂದ ಕಲೀಬೇಕು? ಆಕಿ ಕೈಯಾಗ ಹಿಟ್ಟು ಕೊಡು. ಮೊದಲ ರೊಟ್ಟಿ ನೋಡಬ್ಯಾಡ, ಹಿಟ್ಟು ಮುಟ್ಟಿ ನೋಡು. ಎಸರು ಕಾದಿತ್ತೇನು? ನಾದಿದ್ದು ಸಾಕಾಗೇತೇನು?

ಅವ್ವ: (ಹಿಟ್ಟು ಮುಟ್ಟಿ) ಹೌದ್ರಿ ಅತ್ತಿ, ನಾದಿದ್ದು ಸಾಲದು.

ಅಜ್ಜಿ: ಹಂಗಾರ ಇವತ್ತ ಅದೊಂದ ಹೇಳಿಕೊಡು. ಬಡಿಯೂದು ನಾಳೆ.

ಈ ಅಜ್ಜಿಯೇ ನಿಜವಾದ ತರಬೇತುದಾರಳು. ಅವಳು ಮೂರು ಕೆಲಸ ಮಾಡಿದಳು. ತಾನು ಮಾಡಿ ತೋರಿಸಿ ಮುಗಿಸಲಿಲ್ಲ, ಕಲಿಯುವವಳ ಕೈಗೆ ಕೆಲಸ ಕೊಟ್ಟಳು. ಎಲ್ಲಿ ತಪ್ಪುತ್ತದೆ ಎಂದು ಬುಡ ಹುಡುಕಿಸಿದಳು. ಒಂದು ಸಲಕ್ಕೆ ಒಂದೇ ಮಾತು ಹೇಳಿಕೊಡಲು ಹೇಳಿದಳು.

ಮೈದಾನದಲ್ಲೂ ಇದೇ ರೀತಿ. ಚೆಂಡು ತಿರುಗದಿದ್ದರೆ ತಪ್ಪು ಬೆರಳಿನಲ್ಲಿ ಇರಬಹುದು. ಕಾಲು ಇಡುವುದರಲ್ಲಿ ಇರಬಹುದು. ಭುಜದಲ್ಲಿ ಇರಬಹುದು. ಗುರು ಸುಮ್ಮನೆ ನಿಂತು ನೋಡಬೇಕು, ಬುಡ ಹಿಡಿಯಬೇಕು.

5. ನೀರು ಹೊಕ್ಕ ಮೈದಾನ

ಆಟ ಬಿಟ್ಟ ಮೇಲೆ ಸುನೀಲ ಜೋಶಿ ಜಮ್ಮು ಮತ್ತು ಕಾಶ್ಮೀರ ತಂಡದ ತರಬೇತುದಾರರಾದರು. ಕಾಶ್ಮೀರ ನಮ್ಮ ದೇಶದ ಬಡಗಣ ತುದಿ. ಬೆಟ್ಟ, ಹಿಮ, ಚಳಿ. ಕ್ರಿಕೆಟ್‌ನಲ್ಲಿ ಆ ತಂಡವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಭಾರಿ ನೆರೆ ಬಂತು. ಝೇಲಮ್ ನದಿ ಉಕ್ಕಿ ಶ್ರೀನಗರದ ಮನೆ, ಅಂಗಡಿ ಮುಳುಗಿದವು. ಕ್ರಿಕೆಟ್ ಮೈದಾನವೂ ಮುಳುಗಿತು. ಆಟದ ಸಾಮಾನು ಹಾಳಾಯಿತು. ಬೆಣ್ಣಿಹಳ್ಳ ಉಕ್ಕಿದರೆ ಹೊಲ ಏನಾಗುತ್ತದೆ ಎಂಬುದು ನವಲಗುಂದ, ಕುಂದಗೋಳ ಕಡೆಯವರಿಗೆ ಗೊತ್ತು. ನೀರು ಇಳಿದ ಮೇಲೂ ಎಷ್ಟೋ ದಿನ ಏನೂ ಮಾಡಲು ಬರುವುದಿಲ್ಲ. ಅದೇ ಪಾಡು ಅಲ್ಲಿನದೂ.

ಮೂರು ತಿಂಗಳ ಮೇಲೆ, ಡಿಸೆಂಬರ್‌ನಲ್ಲಿ, ಆ ತಂಡ ಮುಂಬಯಿಗೆ ಹೋಗಿ ಆಡಬೇಕಾಯಿತು. ಎದುರಿಗೆ ಮುಂಬಯಿ ತಂಡ. ಅಲ್ಲಿಯ ತನಕ 40 ಸಲ ರಣಜಿ ಗೆದ್ದ ತಂಡ ಅದು. ಕಾಶ್ಮೀರದವರು ಒಂದು ಸಲವೂ ಗೆದ್ದಿರಲಿಲ್ಲ. ಯಾರು ಗೆಲ್ಲುತ್ತಾರೆ ಎಂದು ಕೇಳುವ ಅಗತ್ಯವೇ ಇಲ್ಲ ಎಂದು ಎಲ್ಲರೂ ತಿಳಿದಿದ್ದರು.

ಗೆದ್ದದ್ದು ಜಮ್ಮು ಮತ್ತು ಕಾಶ್ಮೀರ. ಅದೂ ಮುಂಬಯಿಯವರ ಮನೆ ಅಂಗಳದಲ್ಲಿ, ವಾಂಖೆಡೆ ಮೈದಾನದಲ್ಲಿ, 4 ವಿಕೆಟ್‌ನಿಂದ. ಶುಭಮ್ ಖಜೂರಿಯಾ ಎಂಬ ಎಳೆಯ ಆಟಗಾರ ಒಂದು ಸರದಿಯಲ್ಲಿ 107, ಇನ್ನೊಂದರಲ್ಲಿ 78 ರನ್ ಹೊಡೆದ. ದಾಂಡು ಬೀಸಿದ್ದು ಆ ಹುಡುಗರು. ಚೆಂಡು ಎಸೆದದ್ದೂ ಆ ಹುಡುಗರೇ. ಅಭ್ಯಾಸಕ್ಕೆ ದಿನಾಲೂ 120 ಕಿಲೋಮೀಟರ್ ಓಡಾಡಿದ ಗುರು ಹೊರಗೆ ಕುಳಿತಿದ್ದರು. ಮೈದಾನ ದೂರ ಇದ್ದರೆ ಏನು ಮಾಡಬೇಕು ಎಂಬುದು ಅವರಿಗೆ ಎಳೆವಯಸ್ಸಿನಿಂದ ಗೊತ್ತಿದ್ದ ಪಾಠ.

6. ಸೋತವರ ಮನೆಗೆ ಗುರುವಾಗಿ

ಢಾಕಾ ನೆನಪಿದೆಯೆ? 2000ದಲ್ಲಿ ಜೋಶಿ 8 ವಿಕೆಟ್ ಪಡೆದು ಬಾಂಗ್ಲಾದೇಶವನ್ನು ಸೋಲಿಸಿದ ಊರು.

2017ರಲ್ಲಿ ಅದೇ ಬಾಂಗ್ಲಾದೇಶದವರು ಜೋಶಿಯವರನ್ನು ಕರೆದರು. "ನಮ್ಮ ಹುಡುಗರಿಗೆ ಸ್ಪಿನ್ ಕಲಿಸಿರಿ" ಎಂದರು. ನಡುವೆ 17 ವರ್ಷ ಕಳೆದಿತ್ತು. ಸೋಲಿಸಿದವರನ್ನೇ ಗುರು ಎಂದು ಕರೆಯಲು ದೊಡ್ಡ ಮನಸ್ಸು ಬೇಕು. ಎದುರಾಳಿಗಳಿಗೆ ತನ್ನ ವಿದ್ಯೆ ಬಿಚ್ಚಿ ಹೇಳಲೂ ದೊಡ್ಡ ಮನಸ್ಸು ಬೇಕು.

ಜೋಶಿ 2019ರ ತನಕ ಅಲ್ಲಿ ಕಲಿಸಿದರು. ಫಲ ಏನು ಬಂತು?

2018ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ತಂಡ ಬಾಂಗ್ಲಾದೇಶಕ್ಕೆ ಬಂತು. ಎರಡು ಟೆಸ್ಟ್ ನಡೆದವು. ಒಂದು ಟೆಸ್ಟ್‌ನಲ್ಲಿ ಒಂದು ತಂಡದ 20 ವಿಕೆಟ್ ಉರುಳಿಸಬಹುದು. ಎರಡರಲ್ಲಿ 40. ಆ 40ಕ್ಕೆ 40 ವಿಕೆಟ್ ಪಡೆದವರೂ ಬಾಂಗ್ಲಾದ ಸ್ಪಿನ್ ಹುಡುಗರೇ! ನಯೀಮ್ ಹಸನ್ ಎಂಬ ಹುಡುಗನಿಗೆ ಇನ್ನೂ 18 ತುಂಬಿರಲಿಲ್ಲ. ತನ್ನ ಮೊದಲ ಟೆಸ್ಟ್‌ನಲ್ಲೇ ಒಂದು ಸರದಿಗೆ 5 ವಿಕೆಟ್ ಪಡೆದ. ಅಷ್ಟು ಸಣ್ಣ ವಯಸ್ಸಿನಲ್ಲಿ, ಮೊದಲ ಟೆಸ್ಟ್‌ನಲ್ಲಿ ಅಂಥ ಸಾಧನೆ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಎರಡೂ ಪಂದ್ಯ ಬಾಂಗ್ಲಾದೇಶ ಗೆದ್ದಿತು.

ಈ ಗೆಲುವು ಆ ಹುಡುಗರದು. ಅವರಿಗೆ ಊರಿನ ಗುರುಗಳೂ ಇದ್ದರು. ಬೆಳೆ ಬಂದರೆ ಬಿತ್ತಿದವರು, ಕಳೆ ತೆಗೆದವರು, ನೀರು ಹಾಸಿದವರು ಎಲ್ಲರಿಗೂ ಪಾಲು ಇರುತ್ತದೆ. ಅದರಲ್ಲಿ ಗದಗಿನ ಗುರುವಿನದೂ ಒಂದು ಪಾಲು.

ಜ್ಞಾನದ ಗುಣ ಇದೇ. ಜೋಳದ ಚೀಲ ಹಂಚಿದರೆ ಚೀಲ ಖಾಲಿ. ಹೇಳಿಕೊಟ್ಟ ವಿದ್ಯೆ ಖಾಲಿ ಆಗುವುದಿಲ್ಲ. ಜೋಶಿ ಒಮನ್ ದೇಶದ ತಂಡಕ್ಕೂ ಸ್ಪಿನ್ ಕಲಿಸಿದರು. ನಮ್ಮ ದೇಶದ ಉತ್ತರ ಪ್ರದೇಶ ತಂಡಕ್ಕೂ ಗುರು ಆದರು. 2023ರಲ್ಲಿ ಪಂಜಾಬ್ ಕಿಂಗ್ಸ್ ತಂಡ ಸೇರಿ ಅಲ್ಲಿಯೂ ಸ್ಪಿನ್ ಹೇಳಿಕೊಟ್ಟರು.

7. ಆರಿಸುವ ಕೆಲಸ

ಈ ನಡುವೆ ಇನ್ನೊಂದು ಜವಾಬ್ದಾರಿ ಬಂತು. 2020ರ ಮಾರ್ಚ್‌ನಲ್ಲಿ ಜೋಶಿ ಭಾರತ ತಂಡದ ಆಯ್ಕೆ ಸಮಿತಿಗೆ ಅಧ್ಯಕ್ಷರಾದರು. ಒಂದು ಕಾಲಕ್ಕೆ ತನ್ನ ಹೆಸರು ಪಟ್ಟಿಯಲ್ಲಿ ಬರುತ್ತದೆಯೋ ಇಲ್ಲವೋ ಎಂದು ಕಾಯ್ದವರು ಈಗ ಪಟ್ಟಿ ಮಾಡುವವರಾದರು.

ಆರಿಸುವುದು ಕಷ್ಟದ ಕೆಲಸ. ಸಂಘದಲ್ಲಿ ಸಾಲ ಕೊಡುವಾಗ ನಿಮಗೂ ಇದು ಗೊತ್ತಾಗಿದೆ. ಹತ್ತು ಮಂದಿ ಕೇಳುತ್ತಾರೆ, ಹಣ ಇಬ್ಬರಿಗೆ ಸಾಕಾಗುವಷ್ಟು. ಬೀಗರು ನೋಡಬಾರದು, ಓಣಿ ನೋಡಬಾರದು, ಗರಜು ನೋಡಬೇಕು. ತಂಡ ಆರಿಸುವಾಗ ಯಾರ ಮಗ ಎಂದು ನೋಡಬಾರದು, ಕೈಯಲ್ಲಿ ಏನು ವಿದ್ಯೆ ಇದೆ ಎಂದು ನೋಡಬೇಕು.

ಆ ವರ್ಷ ಜೋಶಿಯವರ ಸಮಿತಿ ಆಸ್ಟ್ರೇಲಿಯಾಕ್ಕೆ ಹೋಗುವ ತಂಡ ಆರಿಸಿತು. ಅದರಲ್ಲಿ ಹೈದರಾಬಾದಿನ ಮೊಹಮ್ಮದ ಸಿರಾಜ ಇದ್ದ. ಅವನ ತಂದೆ ಆಟೋರಿಕ್ಷಾ ಓಡಿಸಿ ಮಗನನ್ನು ಬೆಳೆಸಿದವರು. ಆಸ್ಟ್ರೇಲಿಯಾದಲ್ಲಿ ಭಾರತಕ್ಕೆ ಅತಿ ಹೆಚ್ಚು ವಿಕೆಟ್ ತಂದುಕೊಟ್ಟವನು ಅವನೇ. 2021ರ ಜನೆವರಿಯಲ್ಲಿ ಭಾರತ ಆ ಸರಣಿ ಗೆದ್ದಿತು.

ಆದರೆ ಆ ಗೆಲುವಿನ ಹೊತ್ತಿಗೆ ಜೋಶಿ ಅಧ್ಯಕ್ಷರಾಗಿ ಉಳಿದಿರಲಿಲ್ಲ. ಹೆಚ್ಚು ಟೆಸ್ಟ್ ಆಡಿದವರೇ ಅಧ್ಯಕ್ಷರಾಗಬೇಕು ಎಂಬುದು ನಿಯಮ. 2020ರ ಡಿಸೆಂಬರ್‌ನಲ್ಲಿ 23 ಟೆಸ್ಟ್ ಆಡಿದ ಚೇತನ್ ಶರ್ಮಾ ಸಮಿತಿಗೆ ಬಂದರು. ಜೋಶಿ ಆಡಿದ್ದು 15. ಅವರು ಮುಂದಿನ ಕುರ್ಚಿ ಬಿಟ್ಟು ಪಕ್ಕದ ಕುರ್ಚಿಯಲ್ಲಿ ಕುಳಿತರು. ಸದಸ್ಯರಾಗಿ 2022ರ ತನಕ ಕೆಲಸ ಮಾಡಿದರು. ಕುರ್ಚಿ ಸಣ್ಣದಾದರೂ ಕೆಲಸ ಸಣ್ಣದಾಗಲಿಲ್ಲ.

8. ಕಲಿಸಿ ಗೆದ್ದ ಇನ್ನಿಬ್ಬರು

ಬೆಂಗಳೂರಿನಲ್ಲಿ ಬೆಳೆದ ರಾಹುಲ್ ದ್ರಾವಿಡ್ ಹೆಸರು ನೀವು ಕೇಳಿದ್ದೀರಿ. 2007ರಲ್ಲಿ ಅವರು ಭಾರತ ತಂಡದ ನಾಯಕ. ವಿಶ್ವಕಪ್ ಆಡಲು ವೆಸ್ಟ್ ಇಂಡೀಸ್‌ಗೆ ಹೋದರು. ಮೊದಲ ಸುತ್ತಿನಲ್ಲೇ ಸೋತು ಬಂದರು. 2024ರಲ್ಲಿ ಮತ್ತೆ ಅದೇ ವೆಸ್ಟ್ ಇಂಡೀಸ್‌ಗೆ ಹೋದರು, ಈ ಸಲ ತರಬೇತುದಾರರಾಗಿ. ಜೂನ್ 29ರಂದು ಭಾರತ ಟಿ-20 ವಿಶ್ವಕಪ್ ಗೆದ್ದಿತು. ಆಡಿ ಸಿಗದ್ದು ಕಲಿಸಿ ಸಿಕ್ಕಿತು.

ಮುಂಬಯಿಯ ಅಮೋಲ್ ಮುಜುಂದಾರ್ ರಣಜಿಯಲ್ಲಿ ರಾಶಿ ರಾಶಿ ರನ್ ಹೊಡೆದವರು. ಆದರೆ ಭಾರತ ತಂಡಕ್ಕೆ ಒಂದೇ ಒಂದು ಪಂದ್ಯ ಆಡಲು ಅವರಿಗೆ ಅವಕಾಶ ಸಿಗಲಿಲ್ಲ. 2023ರಲ್ಲಿ ಅವರು ಭಾರತದ ಹೆಣ್ಣುಮಕ್ಕಳ ತಂಡಕ್ಕೆ ಗುರು ಆದರು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು ಸೋಲಿಸಿ ವಿಶ್ವಕಪ್ ಗೆದ್ದರು. ಭಾರತದ ಹೆಣ್ಣುಮಕ್ಕಳಿಗೆ ಅದು ಮೊದಲ ವಿಶ್ವಕಪ್.

"ಹೆಣಮಕ್ಕಳೂ ಕ್ರಿಕೆಟ್ ಆಡತಾರೇನ್ರಿ?" ಎಂದು ಕೇಳಬೇಡಿರಿ. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ ಭಾರತ ತಂಡಕ್ಕೆ ಆಡಿದ್ದಾರೆ. ಅವರೂ ಸುನೀಲ ಜೋಶಿಯವರಂತೆ ಎಡಗೈ ಸ್ಪಿನ್. 2017ರ ಜುಲೈ 15ರಂದು ಇಂಗ್ಲೆಂಡಿನಲ್ಲಿ ವಿಶ್ವಕಪ್ ಪಂದ್ಯ. ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ ಕೊಟ್ಟು 5 ವಿಕೆಟ್ ಪಡೆದರು. ಎದುರಿನ ತಂಡ 79 ರನ್ನಿಗೆ ಮುಗಿಯಿತು.

ಗದಗಿನ ಹುಡುಗ ನಸುಕಿನಲ್ಲಿ ಎದ್ದು 60 ಕಿಲೋಮೀಟರ್ ಹೋದ ಕಥೆ ಕೇಳಿ "ಭೇಷ್" ಎಂದೆವು. ನಮ್ಮ ಮಗಳು "ಯವ್ವಾ, ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗತೀನಿ" ಎಂದರೆ ಏನು ಹೇಳುತ್ತೇವೆ? ಹತ್ತೇ ಕಿಲೋಮೀಟರ್ ಇದ್ದರೂ "ಬ್ಯಾಡವ್ವಾ, ದೂರ ಆಕ್ಕೈತಿ" ಎನ್ನುತ್ತೇವೆ. ಹೆದರಿಕೆ ಸುಳ್ಳಲ್ಲ. ಬಸ್ಸು ಹೊತ್ತಿಗೆ ಬರುವುದಿಲ್ಲ. ದಾರಿಯಲ್ಲಿ ಚಾಷ್ಟಿ ಮಾಡುವವರು ಇರುತ್ತಾರೆ. ಆದರೆ ಅದಕ್ಕೆ ಮದ್ದು ಸಾಲಿ ಬಿಡಿಸುವುದಲ್ಲ. ನಾಲ್ಕು ಮನೆಯ ಹುಡುಗಿಯರು ಕೂಡಿ ಹೋಗಬಹುದು. ಬಸ್ಸಿನ ಹೊತ್ತು ಸರಿಮಾಡಿರಿ ಎಂದು ಸಂಘದಿಂದ ಡಿಪೋಕ್ಕೆ ಅರ್ಜಿ ಬರೆಯಬಹುದು. ಅರ್ಜಿ ಬರೆಯಲು ಈಗ ನಿಮಗೇ ಬರುತ್ತದೆ.

9. ಈಗ ನಿಮ್ಮ ಸರದಿ

ನಮ್ಮ ಹಳ್ಳಿಗಳಲ್ಲಿ ಬಲ್ಲವರು ಬಹಳ ಮಂದಿ ಇದ್ದಾರೆ. ಕೌದಿ ಹೊಲಿಯುವ ಅಜ್ಜಿ ಇದ್ದಾಳೆ. ಬೀಜದ ಕಾಳು ಆರಿಸಿ, ಬೂದಿ ಬೆರೆಸಿ, ವರ್ಷಗಟ್ಟಲೆ ಹುಳ ಬೀಳದಂತೆ ಕಾಯುವ ಅವ್ವ ಇದ್ದಾಳೆ. ಬೀಸುವ ಪದ, ಸೋಬಾನ ಪದ ಬಲ್ಲ ಹಿರೀಕಿ ಇದ್ದಾಳೆ. ಮೈಯಲ್ಲಿ ಕಸುವು ಇದ್ದಾಗ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಈಗ ಮೊಣಕಾಲು ನೋವು, ಕಣ್ಣು ಮಂಜು. ಅವರು ಕಟ್ಟೆಯ ಮೇಲೆ ಕೂತಿದ್ದಾರೆ. "ಇನ್ನೇನ ಮಾಡಲಿ, ನನ್ನ ಆಟ ಮುಗೀತು" ಎನ್ನುತ್ತಾರೆ.

ಮೈಯ ಆಟ ಮುಗಿದಿರಬಹುದು. ಕಲಿಸುವ ಆಟ ಈಗ ಶುರು. ಅವರು ಕಲಿಸದೆ ಹೋದರೆ ಆ ವಿದ್ಯೆಯೂ ಅವರ ಜೊತೆಗೇ ಹೋಗುತ್ತದೆ.

ನೀವು ಅಕ್ಷರ ಕಲಿತಿರಿ. "ನಮಗ ಬಂದಿದ್ದ ನಾಕ ಅಕ್ಷರ, ನಾವೇನ ಕಲಿಸೂಣು?" ಎನ್ನಬೇಡಿರಿ. ಅ, ಆ ಕಲಿಯುವಾಗ ಬೆರಳು ಎಲ್ಲಿ ನಡುಗುತ್ತದೆ, ಯಾವ ಒತ್ತಕ್ಷರ ತಲೆಗೆ ಹೋಗುವುದಿಲ್ಲ, ಇದು ಮಾಸ್ತರರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾಕೆಂದರೆ ನೀವು ನಿನ್ನೆಯಷ್ಟೇ ಅದನ್ನು ದಾಟಿ ಬಂದಿದ್ದೀರಿ. ನಿಮ್ಮ ಪಕ್ಕದ ಮನೆಯಲ್ಲಿ ಹೆಬ್ಬಟ್ಟು ಒತ್ತುವ ಒಬ್ಬ ಅಕ್ಕ ಇನ್ನೂ ಇದ್ದಾಳೆ. ಅವಳ ಕೈಗೆ ಬಳಪ ಕೊಡಿರಿ. ಅಜ್ಜಿ ಹೇಳಿದ್ದು ನೆನಪಿರಲಿ: ನೀವೇ ಬರೆದು ಮುಗಿಸಬೇಡಿರಿ. ಒಂದು ದಿನಕ್ಕೆ ಒಂದೇ ಅಕ್ಷರ. ಮೊದಲು ಅವಳ ಹೆಸರಿನ ಅಕ್ಷರ.

ಅಭ್ಯಾಸ

ಬಿಡಿಸಿ ಓದಿರಿ, ಆಮೇಲೆ ಕೂಡಿಸಿ ಬರೆಯಿರಿ:
ನಿ – ವೃ – ತ್ತಿ, ಅ – ಧ್ಯ – ಕ್ಷ, ಜ – ವಾ – ಬ್ದಾ – ರಿ, ಅ – ವ – ಕಾ – ಶ, ಆ – ಯ್ಕೆ

ಉತ್ತರ ಬರೆಯಿರಿ:
1. ಸುನೀಲ ಜೋಶಿ ಯಾವ ಊರಿನಲ್ಲಿ ಹುಟ್ಟಿದರು? ಆ ಊರು ಆಗ ಯಾವ ಜಿಲ್ಲೆಯಲ್ಲಿತ್ತು?
2. ಢಾಕಾದಲ್ಲಿ 2000ದಲ್ಲಿ ಅವರು ಏನು ಮಾಡಿದರು? 2017ರಲ್ಲಿ ಅಲ್ಲಿಗೆ ಏಕೆ ಹೋದರು?
3. ರೊಟ್ಟಿ ಕಲಿಸುವಾಗ ಅಜ್ಜಿ ಹೇಳಿದ ಮೂರು ಮಾತು ಯಾವುವು?

ಲೆಕ್ಕ ಮಾಡಿರಿ:
1. ದಿನಕ್ಕೆ 120 ಕಿಲೋಮೀಟರ್ ಆದರೆ 6 ದಿನಕ್ಕೆ ಎಷ್ಟು?
2. ಒಂದು ಓವರ್‌ಗೆ 6 ಚೆಂಡು. 10 ಓವರ್‌ಗೆ ಎಷ್ಟು ಚೆಂಡು?
3. ಒಬ್ಬರು 23 ಟೆಸ್ಟ್ ಆಡಿದರು, ಇನ್ನೊಬ್ಬರು 15. ಅಂತರ ಎಷ್ಟು?

ಕೂಡಿ ಮಾತಾಡಿರಿ:
ನಿಮ್ಮ ಊರಿನಲ್ಲಿ ಏಳನೆಯ ಇಯತ್ತೆ ಆದ ಮೇಲೆ ಸಾಲಿ ಬಿಟ್ಟ ಹುಡುಗಿಯರು ಎಷ್ಟು ಮಂದಿ? ಏಕೆ ಬಿಟ್ಟರು? ಮತ್ತೆ ಕಳಿಸಲು ಏನು ಮಾಡಬಹುದು?

ಮಾಡಿ ನೋಡಿರಿ:
ನಿಮ್ಮ ವಹಿಯಲ್ಲಿ ಎರಡು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ, ನಿಮಗೆ ಒಂದು ಕೆಲಸ ಕಲಿಸಿದ ಹೆಣ್ಣುಮಗಳ ಹೆಸರು. ಎರಡನೆಯ ಸಾಲಿನಲ್ಲಿ, ಈ ತಿಂಗಳು ನೀವು ಕಲಿಸಲಿರುವ ಹೆಣ್ಣುಮಗಳ ಹೆಸರು. ಎರಡನೆಯ ಹೆಸರನ್ನು ಆಕೆಗೆ ತೋರಿಸಿರಿ. "ಇದು ನಿನ್ನ ಹೆಸರವ್ವಾ" ಎಂದು ಹೇಳಿರಿ. ಪಾಠ ಅಲ್ಲಿಂದಲೇ ಶುರುವಾಗಲಿ.